ಉತ್ತರ ಬಾರದಿದ್ದರೂ ಮಾತಾಡುವ ದೊಡ್ಡಕ್ಕ

ಬೆಳಕು ಇನ್ನೂ ಕಿಟಕಿ ಮುಟ್ಟಿರುವುದಿಲ್ಲ. ಮಾನಸಿಕ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ದೊಡ್ಡಕ್ಕ ಬಿಸಿನೀರಿನ ಬಕೆಟ್ ಹಿಡಿದು ಬರುತ್ತಾರೆ. "ಮುಖ ಒರೆಸ್ತೀನಿ ಕಣಮ್ಮ, ನೀರು ಬೆಚ್ಚಗಿದೆ" ಎಂದ ಮೇಲೆಯೇ ಬಟ್ಟೆ ಅದ್ದುವುದು. ಮಲಗಿದವರು ಹೂಂ ಎನ್ನಲಿ, ಬಿಡಲಿ, ಹೇಳದೆ ಮುಟ್ಟುವವರಲ್ಲ.

ಈ ಆಯಾ ಕೆಲಸ ಅತ್ತೆಯಿಂದ ಬಂದದ್ದು. ಅತ್ತೆಯ ಕಾಲಕ್ಕೆ ಇಲ್ಲಿ ಕಬ್ಬಿಣದ ಬಾಗಿಲು, ಗೋಡೆಯಲ್ಲಿ ಸರಪಳಿಯ ಕೊಂಡಿ. ಮನೆಯವರು "ಇವಳಿಗೆ ಹುಚ್ಚು" ಎಂದರೆ ಮುಗಿಯಿತು. ಯಾವ ಕಾಯಿಲೆ, ಯಾಕೆ ಬಂತು ಎಂದು ಕೇಳುವವರಿರಲಿಲ್ಲ. ಒಳಗೆ ಬಂದವರು ಒಳಗೇ ಮುದುಕಿಯರಾದರು. "ನಮ್ಮತ್ತೆಗೆ ಮನೇಲಿ ಅನ್ನ ಗಂಟಲಲ್ಲಿ ಇಳೀತಿರಲಿಲ್ಲ. ಇಲ್ಲಿ ಕೂಗ್ತಿದ್ದೋರ ದನಿ ಕಿವೀಲೇ ಇರೋದಂತೆ" ಎನ್ನುತ್ತಾರೆ ದೊಡ್ಡಕ್ಕ. ಈಗ ಬಾಗಿಲು ಕಿತ್ತು ಪರದೆ ಹಾಕಿದ್ದಾರೆ. ಡಾಕ್ಟರು ಕುರ್ಚಿ ಎಳೆದು ಕೂತು ನಿದ್ದೆ, ಹಸಿವು, ಭಯ ಎಲ್ಲ ವಿಚಾರಿಸುತ್ತಾರೆ. ದಿನಗಟ್ಟಲೆ ನೋಡಿಯೇ ಕಾಯಿಲೆಗೆ ಹೆಸರಿಡುತ್ತಾರೆ.

ಆಯಾಗಳ ಪಾಡು ಮಾತ್ರ ಹಗುರಾಗಿಲ್ಲ. ದೊಡ್ಡಕ್ಕನ ಮುಂಗೈ ತುಂಬ ಕಚ್ಚಿದ, ಪರಚಿದ ಗುರುತು. ತಾಯಿ ಕೆಲಸ ಮಾಡುವ ಜಾಗ ಯಾವುದೆಂದು ತಿಳಿದೇ ಮಗಳಿಗೆ ಬಂದ ಸಂಬಂಧವೊಂದು ಹಿಂದೆ ಸರಿಯಿತು.

ಆ ದಿನಗಳಲ್ಲೇ ಶಾಲೆಯ ಟೀಚರೊಬ್ಬರನ್ನು ಕರೆತಂದರು. ಮಾತಿಲ್ಲ, ಅನ್ನ ನೀರಿಲ್ಲ. ಎತ್ತಿದ ಕೈ ಎತ್ತಿದಂತೆಯೇ ನಿಲ್ಲುತ್ತಿತ್ತು. ದೆವ್ವದ ಕಾಟವೆಂದು ನೆಂಟರು, ನಾಟಕವೆಂದು ಗಂಡ. ದೊಡ್ಡಕ್ಕ ಮೈ ಒರೆಸುತ್ತ, ಸಂಬಂಧ ಮುರಿದದ್ದು, ಮಗಳು ಊಟ ಬಿಟ್ಟು ಮಲಗಿರುವುದು, ಎಲ್ಲವನ್ನೂ ಆಕೆಯ ಮುಂದೆ ತೋಡಿಕೊಂಡರು.

"ಗೋಡೆ ಜೊತೆ ಮಾತಾಡ್ತೀರಲ್ಲ ಅಂತ ನರ್ಸಮ್ಮ ನಗೋರು. ಬಾಯಿ ಮುಚ್ಕೊಂಡು ಒರೆಸೋಕೆ ಟೀಚರೇನು ಮೇಜಾ?"

ಡಾಕ್ಟರು ಡ್ರಿಪ್ ಹಾಕಿಸಿ, ಮೂರ್ನಾಲ್ಕು ದಿನ ಪರೀಕ್ಷಿಸಿ, ಮನಸ್ಸಿನ ಕಾಯಿಲೆಯೇ ಮೈಯನ್ನು ಹೀಗೆ ಬಿಗಿಹಿಡಿದಿದೆ ಎಂದು ಗುರುತಿಸಿ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ರೆಪ್ಪೆ ಅಲುಗಿತು. ಬೆರಳುಗಳು ಒಂದೊಂದಾಗಿ ಸಡಿಲವಾದವು. ಟೀಚರ್ ನೀರು ಕೇಳಿ ಕುಡಿದರು. ಆಮೇಲೆ ದೊಡ್ಡಕ್ಕನ ಕಡೆ ತಿರುಗಿ, ಒಡೆದ ದನಿಯಲ್ಲಿ, "ನಿಮ್ಮ ಮಗಳು ಊಟ ಮಾಡಿದ್ಲಾ?" ಎಂದರು.

"ಕೈಲಿದ್ದ ಲೋಟ ಕೆಳಗಿಡೋಕೂ ಆಗಲಿಲ್ಲ. ಅಷ್ಟು ದಿನವೂ ಒಳಗೆ ಕೂತು ಎಲ್ಲ ಕೇಳಿಸ್ಕೊಂಡಿದ್ರು" ಎನ್ನುವಾಗ ದೊಡ್ಡಕ್ಕನ ದನಿ ಈಗಲೂ ತಗ್ಗುತ್ತದೆ. ಅತ್ತೆಯ ಕಾಲದಲ್ಲಿ ಹಾಗೇ ಕೇಳಿಸಿಕೊಳ್ಳುತ್ತಲೇ ಕಣ್ಣು ಮುಚ್ಚಿದವರು ಎಷ್ಟು ಮಂದಿಯೋ ಎಂದು ಆಮೇಲೆ ಅನ್ನಿಸಿತಂತೆ.

ಚಿಕಿತ್ಸೆ ಮುಗಿಸಿ ಟೀಚರ್ ಮತ್ತೆ ಪಾಠ ಮಾಡುತ್ತಿದ್ದಾರೆ. ದೊಡ್ಡಕ್ಕನಿಗೆ ನಿವೃತ್ತಿ ಹತ್ತಿರ. ಏನು ಆಸೆ ಎಂದರೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಗುತ್ತಾರೆ.

"ನನ್ನ ಜಾಗಕ್ಕೆ ಬರೋಳು ಬಾಯಿಬಡುಕಿ ಆಗಿದ್ರೆ ಸಾಕು."