ಜೇನು ಸಾಕುವವನ ಅಂಗಿ

ಕೊರೊನಾ ಕಳೆದ ಮರುವರ್ಷ ನಾನು ಪೊಳ್ಳಾಚಿಯಲ್ಲಿದ್ದೆ. ಜೇನು ಕೊಳ್ಳುವ ಕಂಪನಿಯೊಂದರಲ್ಲಿ ಫೀಲ್ಡ್ ಸೂಪರ್‌ವೈಸರ್ ಕೆಲಸ. ತೆಂಗಿನ ತೋಟಗಳಲ್ಲಿಟ್ಟ ಪೆಟ್ಟಿಗೆಗಳನ್ನು ನೋಡಿಕೊಂಡು ತಿರುಗುವುದು. ಮೈಸೂರಿನವನಾದ ನನಗೆ ಅಲ್ಲಿ ಕನ್ನಡ ಕಿವಿಗೆ ಬೀಳುತ್ತಿದ್ದದ್ದು ನಂಜಪ್ಪನ ಮನೆಯಲ್ಲಿ ಮಾತ್ರ. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದ ನೇಯ್ಗೆಯ ಮನೆತನ. ಮಗ್ಗ ನಿಂತ ಮೇಲೆ ಅವನು ಜೇನಿಗೆ ಇಳಿದಿದ್ದ.

ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತೆಂಗಿನ ನಾರಿನ ಹೊಗೆ ಹಾಕಿ, ಮುಖಕ್ಕೆ ಬಲೆಯಿಲ್ಲದೆ, ಬರಿಗೈಯಲ್ಲೇ ಹುಳು ತುಂಬಿದ ಚೌಕಟ್ಟು ಎತ್ತುತ್ತಿದ್ದ. ಚುಚ್ಚಿದರೆ ತಡಮಾಡದೆ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯಬೇಕು. ಆ ಜಾಗದಿಂದ ಕಳಿತ ಬಾಳೆಹಣ್ಣಿನಂಥ ವಾಸನೆ ಏಳುತ್ತದೆ. ಅದಕ್ಕೆ ಉಳಿದ ಹುಳುಗಳೂ ಕೆರಳುತ್ತವೆ, ಹಾಗಾಗಿ ಅಲ್ಲಿಗೂ ಹೊಗೆ ಊದಬೇಕು. ಇದೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಎಷ್ಟು ಚುಚ್ಚಿದರೂ ಅವನ ಮೈ ಊದುತ್ತಿರಲಿಲ್ಲ. ಅದೇ ಅವನ ಜಂಭ. ಸಂಜೆ ಅಂಗಿ ಬಿಚ್ಚಿ ಒಗೆಯುವ ಕಲ್ಲಿನ ಮೇಲೆ ಎಸೆದರೆ ಹೆಂಡತಿ ರುಕ್ಕಮ್ಮ ಒಗೆಯುತ್ತಿದ್ದಳು. ಹಿತ್ತಲ ಆಚೆ ತೋಟದಲ್ಲಿದ್ದ ಪೆಟ್ಟಿಗೆಗಳ ಹತ್ತಿರ ಅವಳು ಸುಳಿದವಳೇ ಅಲ್ಲ.

ಒಂದು ಬೆಳಿಗ್ಗೆ ಅವರ ಹಿತ್ತಲಲ್ಲಿ ಕಾಫಿ ಕುಡಿಯುತ್ತಿದ್ದೆ. ಹಾರಿಬಂದ ಒಂದು ಹುಳು ರುಕ್ಕಮ್ಮನ ಮೊಣಕೈಗೆ ಚುಚ್ಚಿತು. ಸ್ವಲ್ಪ ಹೊತ್ತಿಗೇ ಮೈತುಂಬ ದದ್ದು ಎದ್ದವು, ತುಟಿ ಊದಿತು.

"ಏನುಂಗ, ಗಂಟಲು ಕಟ್ತಾ ಐತೆ" ಎಂದು ಗಂಡನನ್ನು ಕರೆದಳು. ದನಿ ಹೂತುಹೋಗಿತ್ತು.

ನಂಜಪ್ಪ ಚುಚ್ಚಿದ ಜಾಗಕ್ಕೆ ಸುಣ್ಣ ಹಚ್ಚಿ ನಕ್ಕ. "ಒಂದು ಹುಳಕ್ಕೆ ಇಷ್ಟು ಆರ್ಭಾಟವಾ? ನಾನು ದಿನಾ ಚುಚ್ಚಿಸ್ಕೊಳ್ಳಲ್ವಾ? ಸುಮ್ನೆ ಕೂತ್ಕೋ."

"ನಿಮ್ಮ ಮೈಯಾ ಇದು?" ಎಂದವಳೇ ಕುಸಿದಳು.

"ನಾಟಕ ಸಾರ್" ಎಂದ ನನ್ನ ಕಡೆ ತಿರುಗಿ. ನನಗೆ ಮೈಯೆಲ್ಲ ಉರಿದುಹೋಯಿತು. ಅವನನ್ನು ಪಕ್ಕಕ್ಕೆ ತಳ್ಳಿ, ಅವಳನ್ನು ಜೀಪಿಗೆ ಹಾಕಿಕೊಂಡು ಓಡಿದೆ. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟ ಮೇಲೆ ಉಸಿರು ಹದಕ್ಕೆ ಬಂತು.

ಹಿಂದೆಯೇ ಬಂದ ನಂಜಪ್ಪನನ್ನು ಡಾಕ್ಟರಮ್ಮ ಮೊದಲು ಕೇಳಿದ್ದು, "ನಿಮ್ಮ ಬಟ್ಟೆ ಒಗೆಯೋದು ಯಾರು?" ಎಂದು. ಅಂಗಿಯಲ್ಲಿ ಒಣಗಿದ ವಿಷ ಒಗೆಯುವವರ ಕೈಗೆ, ಮೂಗಿಗೆ ದಿನವೂ ಚೂರುಚೂರೇ ಸೇರಿ, ಕೆಲವರಲ್ಲಿ ಅಲರ್ಜಿ ಬೆಳೆಯುತ್ತದಂತೆ. ಇನ್ನೊಮ್ಮೆ ಚುಚ್ಚಿದರೆ ಜೀವಕ್ಕೇ ಅಪಾಯ. ಪೆಟ್ಟಿಗೆಗಳನ್ನು ಮನೆಯಿಂದ ದೂರ ಸಾಗಿಸಿ, ಬಟ್ಟೆ ನೀವೇ ಒಗೆಯಿರಿ ಎಂದರು.

ನಂಜಪ್ಪ ಪೆಟ್ಟಿಗೆಗಳನ್ನು ಸಾಗಿಸಲಿಲ್ಲ. ರುಕ್ಕಮ್ಮನನ್ನು ತಿರುಪ್ಪೂರಿನ ಅವಳ ತಮ್ಮನ ಮನೆಗೆ ಸಾಗಹಾಕಿದ. "ಹುಳಗಳು ನನ್ನನ್ನೇ ನಂಬಿವೆ ಸಾರ್" ಎಂದ. ಅವಳು ಯಾರನ್ನು ನಂಬಿದ್ದಳು ಎಂದು ಕೇಳಿದೆ. ಅವನು ನಾರಿನ ಹೊಗೆ ಹಿಡಿದು ಪೆಟ್ಟಿಗೆಗಳ ಕಡೆ ನಡೆದ.

ನೋವಿಗೆ ಒಗ್ಗಿದವನ ಮೈಯಿಂದ ಇನ್ನೊಬ್ಬರ ನೋವನ್ನು ಅಳೆಯಬಾರದು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅವನಿಗೆ ಅದನ್ನೂ ಕಲಿಸಲಿಲ್ಲ. ಕಳೆದ ತಿಂಗಳು ಅವನ ಮನೆಗೆ ಹೋಗಿದ್ದೆ. ರುಕ್ಕಮ್ಮ ಇನ್ನೂ ತಿರುಪ್ಪೂರಿನಲ್ಲೇ ಇದ್ದಳು. ಮಗನ ಮದುವೆಯಾಗಿ ಹೊಸದಾಗಿ ಬಂದ ಸೊಸೆ ಕಾಫಿ ಕೊಟ್ಟು ಹಿತ್ತಲಿಗೆ ಹೋಗಿ ಕಲ್ಲಿನ ಮೇಲಿದ್ದ ಅಂಗಿಗೆ ಕೈಹಾಕಿದಳು.

"ಅದನ್ನು ಮುಟ್ಟಬೇಡಮ್ಮಾ, ನಿಮ್ಮತ್ತೆಗೆ ಆದದ್ದು ಅದರಿಂದಲೇ" ಎಂದೆ. ಅವಳು ಮಾವನ ಮುಖ ನೋಡಿದಳು.

"ನೀ ಒಗಿಯಮ್ಮ, ಸಾರ್‌ಗೆ ಭಯ ಜಾಸ್ತಿ" ಎಂದ ನಂಜಪ್ಪ.

ಅವಳು ಸೋಪು ತೆಗೆದುಕೊಂಡಳು.