ಕಾಲರಕ್ಕನ ನುಚ್ಚಿನ ಡಬ್ಬಿ

ಅಕ್ಕ ಇಪ್ಪತ್ತೆರಡು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿದವಳು. ಬರೀ ಕಾಲರ್; ತೋಳು ಹಚ್ಚುವವರು ಬೇರೆ, ಗುಂಡಿ ಹಾಕುವವರು ಬೇರೆ. ಬೀದಿಗೆಲ್ಲ ಅವಳು ಕಾಲರಕ್ಕ. ತಾಯಿ ಹಾಸಿಗೆ ಹಿಡಿದಾಗ ತಮ್ಮ ಬಂದು, "ಒಬ್ಳೇ ಇದ್ದು ಏನ್ ಮಾಡ್ತೀಯ, ಬಂದ್ಬಿಡಕ್ಕ. ಇದೂ ನಿನ್ ಮನೇನೇ" ಎಂದು ಅವಳ ಬಾಡಿಗೆ ಕೋಣೆ ಖಾಲಿ ಮಾಡಿಸಿ ಕರೆತಂದ. ನಾಲ್ಕು ವರ್ಷ ತಾಯಿಯ ಹೇಸಿಗೆ ಬಳಿದಳು. ತಾಯಿ ಹೋದ ತಿಂಗಳಿಗೇ ಅವರಿಬ್ಬರೂ ಮಲಗುತ್ತಿದ್ದ ಕೋಣೆ ತಮ್ಮನ ಮಗಳ ಓದಿಗೆ ಬೇಕಾಯಿತು. ಅಕ್ಕನ ಮಂಚ ಹಿಂದಿನ ಜಗಲಿಗೆ, ನೀರಿನ ಡ್ರಮ್ಮಿನ ಪಕ್ಕಕ್ಕೆ ಹೋಯಿತು. ನಿನ್ನ ಮನೆ ಎಂದರೆ ಇಷ್ಟೇ ಜಾಗ ಎಂದು ಕರೆಯುವಾಗ ಯಾರು ತಾನೆ ಹೇಳುತ್ತಾರೆ?

ಆ ಮನೆಯಲ್ಲಿ ಅವಳದು ಎಂದು ಇದ್ದದ್ದು ಒಂಬತ್ತು ಹೇಂಟೆ ಕೋಳಿಮರಿಗಳು. ತಾಯಿಯ ಮುರುಕು ಮರದ ಬೀರುವನ್ನೇ ಗೂಡು ಮಾಡಿದ್ದಳು. ಆದರೆ ಸಂಜೆಯಾದರೆ ಒಂದೂ ಒಳಗೆ ಹೋಗದೆ ತಮ್ಮನ ಕಾರಿನ ಮೇಲೆ ಸಾಲಾಗಿ ಕೂರುತ್ತಿದ್ದವು. ಬೆಳಗ್ಗೆ ಕಾರಿಗೆ ಸುಣ್ಣ ಬಳಿದ ಹಾಗಿರುತ್ತಿತ್ತು.

ತಮ್ಮ ಕುಣಿದಾಡಿದ. "ಹದಿನೈದು ದಿನ ಕೊಡ್ತೀನಕ್ಕ. ತಾವಾಗೇ ಗೂಡಿಗೆ ಹೋದ್ರೆ ಇರ್ಲಿ. ಇಲ್ದಿದ್ರೆ ಒಂದೂ ಇಲ್ಲಿರೋ ಹಾಗಿಲ್ಲ."

ಅಕ್ಕ ಸೆರಗು ಸಿಕ್ಕಿಸಿದಳು. ಐದು ದಿನ ಮರಿಗಳನ್ನು ಹೊರಗೆ ಬಿಡಲೇ ಇಲ್ಲ. ಕಾಳು, ನೀರು ಎಲ್ಲ ಒಳಗೇ. ತಿಂದ ಜಾಗವೇ ಮನೆ ಎಂದು ಮರಿಗೆ ತಿಳಿಯಲು ಅಷ್ಟು ದಿನ ಬೇಕು. ಆರನೆಯ ದಿನ ಮಧ್ಯಾಹ್ನದ ಕಾಳು ತಪ್ಪಿಸಿ, ಹೊತ್ತು ಮುಳುಗಲು ಒಂದು ಗಂಟೆ ಇರುವಾಗ ಬಾಗಿಲು ತೆಗೆದಳು. ಆಮೇಲೆ ಡಬ್ಬಿಯಲ್ಲಿ ನುಚ್ಚು ಹಾಕಿ ಗಲಗಲ ಆಡಿಸಿ ಕರೆದಳು. ಬಾಗಿಲವರೆಗೆ ಬಂದವು, ಇಣುಕಿದವು, ತಿರುಗಿ ಕಾರಿನತ್ತ ಓಡಿದವು. ಅಕ್ಕ ತಾನೇ ಗೂಡಿನೊಳಗೆ ತಲೆ ತೂರಿಸಿ ನೋಡಿದಳು. ಕಗ್ಗತ್ತಲು! "ನನ್ ಬುದ್ಧಿಗಿಷ್ಟು ಬೆಂಕಿ ಹಾಕ" ಎಂದುಕೊಂಡು, ಸಂಜೆ ಬಿಸಿಲು ಬೀಳುವ ಕಡೆಯ ಹಲಗೆ ಕಿತ್ತು ತಂತಿ ಬಲೆ ಹೊಡೆದಳು. ಮರಿಗಳ ಕಾಲಿಗೆ ಚುಚ್ಚದಿರಲೆಂದು ಬಲೆಯ ಅಂಚನ್ನು ಕಾಲರಿನಂತೆ ಒಳಕ್ಕೆ ಮಡಿಸಿದಳು. ಕಾರಿನ ಮೇಲೆ ಉಳಿದವನ್ನು ಒಂದೊಂದಾಗಿ ಎತ್ತಿ ತಂದು ಒಳಗಿನ ಅಡ್ಡಗೋಲಿನ ಮೇಲೆ ಕೂರಿಸಿದಳು. ಹನ್ನೆರಡನೆಯ ದಿನಕ್ಕೆ ಡಬ್ಬಿ ಸದ್ದಾದರೆ ಸಾಕು, ಎಂಟು ಓಡೋಡಿ ಒಳಗೆ. ಒಂಬತ್ತನೆಯದು ಮಾತ್ರ ಕಾರು ಬಿಟ್ಟು ಕಾಂಪೌಂಡ್ ಗೋಡೆ ಹಿಡಿಯಿತು. ಅದನ್ನು ದಿನಾ ಎತ್ತಿಯೇ ತರಬೇಕು. ಅದಕ್ಕೆ ಮೊಂಡಿ ಎಂದು ಹೆಸರಿಟ್ಟಳು.

ಹೆಮ್ಮೆಯಿಂದ ತಮ್ಮನನ್ನು ಕರೆದು ತೋರಿಸಿದಳು. ಅದೇ ಅವಳು ಮಾಡಿದ ತಪ್ಪು. ತಮ್ಮ ನೋಡಿ ನಕ್ಕು, "ಭಲೇ ಅಕ್ಕ!" ಎಂದ.

ಮೊಟ್ಟೆಗೆ ಇನ್ನೂ ಎರಡು ತಿಂಗಳಿತ್ತು. ಆ ಭಾನುವಾರ ಮಧ್ಯಾಹ್ನ ಮಾಂಸದ ಅಂಗಡಿಯವನು ಗೋಣಿಚೀಲ ಹಿಡಿದು ಹಿತ್ತಲಲ್ಲಿ ನಿಂತಿದ್ದ.

"ಅತ್ತಿಗೆ, ಸ್ವಲ್ಪ ಡಬ್ಬಿ ಆಡ್ಸಿ. ನೀವ್ ಕರೆದ್ರೇ ಅವು ಬರೋದು" ಎಂದಳು ತಮ್ಮನ ಹೆಂಡತಿ. "ಇವರ ಪ್ರಮೋಶನ್ ಆಯ್ತಲ್ಲ, ಸಂಜೆ ಆಫೀಸಿನವರು ಹತ್ತು ಜನ ಊಟಕ್ಕೆ ಬರ್ತಿದಾರೆ."

ಅಕ್ಕ ತಮ್ಮನ ಮುಖ ನೋಡಿದಳು. "ಗೂಡಿಗೆ ಹೋದ್ರೆ ಇರ್ಲಿ ಅಂದಿದ್ದೆಯಲ್ಲೋ."

"ಈಗ ಹೋಗ್ತಾವಲ್ಲ, ಅದಕ್ಕೇ! ಮೊದ್ಲಾಗಿದ್ರೆ ಬೀದಿಯೆಲ್ಲ ಅಟ್ಟಾಡಿಸ್ಬೇಕಿತ್ತು. ಕೋಳಿ ಕೇಳಿ ಮಸಾಲೆ ಅರೀತಾರೇನಕ್ಕ?" ತನ್ನ ಮಾತಿಗೆ ತಾನೇ ನಕ್ಕ.

ಆಗುವುದಿಲ್ಲ ಎನ್ನಬಹುದಿತ್ತು. ಎಂದು ಹೋಗುವುದೆಲ್ಲಿಗೆ? ಬಾಡಿಗೆ ಕೋಣೆ ಬಿಟ್ಟಾಗಿದೆ, ಸೂಜಿಗೆ ದಾರ ಪೋಣಿಸುವ ಕಣ್ಣೂ ಹೋಗಿದೆ. ಉಂಡ ಮನೆಗೆ ಎರಡು ಬಗೆಯಬಾರದಂತೆ. ಉಣಿಸಿದವರು ಬಗೆಯಬಹುದೇನೋ, ಅದನ್ನು ಯಾರೂ ಗಾದೆ ಮಾಡಿಲ್ಲ. ಅಕ್ಕ ಡಬ್ಬಿ ಆಡಿಸಿದಳು. ಉರಿಬಿಸಿಲಿನಲ್ಲೂ ಎಂಟು ಮರಿಗಳು ರೆಕ್ಕೆ ಬಿಚ್ಚಿಕೊಂಡು ಓಡಿ ಬಂದು ಗೂಡು ಹೊಕ್ಕವು. ಅಂಗಡಿಯವನು ಗೂಡಿನ ಬಾಗಿಲು ಹಾಕಿದ.

"ಎಷ್ಟಿವೆ?" ತಮ್ಮ ಕೇಳಿದ.

"ಎಂಟು."

ಅವನು ಎಂದೂ ಎಣಿಸಿದವನಲ್ಲ. ಗೋಡೆಯ ಕಡೆ ನೋಡಲೂ ಇಲ್ಲ.

ಸಂಜೆ ಅತಿಥಿಗಳು ಒಬ್ಬೊಬ್ಬರಾಗಿ ಬರತೊಡಗಿದಾಗ ಅಕ್ಕ ಹಿತ್ತಲಿಗೆ ಹೋದಳು. ಗೋಡೆ ಖಾಲಿಯಿತ್ತು. ಡಬ್ಬಿ ಆಡಿಸಿದವರಿಲ್ಲ, ಎತ್ತಿದವರಿಲ್ಲ, ಮೊಂಡಿ ತಾನಾಗಿಯೇ ಬಂದು ಖಾಲಿ ಗೂಡಿನ ಅಡ್ಡಗೋಲಿನ ಮೇಲೆ ಕೂತಿತ್ತು. ಅಕ್ಕನಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕೈಹಾಕಿ ಎಳೆದು ಗೋಡೆಯ ಮೇಲೆ ಕೂರಿಸಿದಳು. ಗೋಡೆಯಾಚೆಯ ಮನೆಯ ಮೇಷ್ಟ್ರು ಮಾಂಸ ಮುಟ್ಟುವವರಲ್ಲ.

"ಆ ಕಡೆ ಹಾರೇ, ಮುಂಡೇದೇ! ಹೋಗು!"

ಮೊಂಡಿ ಈ ಕಡೆಗೇ ಹಾರಿತು, ಗೂಡಿನೊಳಗೆ ಓಡಿತು. ಮತ್ತೆ ಎಳೆದು ಕೂರಿಸಿದಳು. ಮತ್ತೆ ಒಳಗೆ ಹೋಯಿತು.

"ಅತ್ತಿಗೆ, ತಟ್ಟೆ ತೊಳೀಬೇಕು, ಎಲ್ಲಿದೀರಿ?" ಒಳಗಿನಿಂದ ಕೂಗು ಬಂತು.

"ಬಂದೆ" ಎಂದು ಅಕ್ಕ ಒಳಗೆ ಹೋದಳು.