ಲಿಫ್ಟ್ ಪಕ್ಕದ ಕಡಲಾಮೆ

ಮೆಲ್ಬರ್ನ್‌ನ ಕ್ರೇಗಿಬರ್ನ್ ಬಡಾವಣೆಯ ವಿರುಪಾಕ್ಷನಿಗೆ ಯಾವ ಸಂಗತಿಯನ್ನೂ ಇದ್ದ ಅಳತೆಯಲ್ಲಿ ಹೇಳಿ ಗೊತ್ತಿರಲಿಲ್ಲ. ಮನೆಯ ಹಿಂದೆ ನಾಲ್ಕು ಟೊಮ್ಯಾಟೊ ಗಿಡ ಹಚ್ಚಿದರೆ ಅದು ‘ನಮ್ಮ ತೋಟ’. ಆಫೀಸಿನ ಮೇಲಧಿಕಾರಿ ಕಾರಿಡಾರಿನಲ್ಲಿ ಎದುರಾಗಿ ಹಲೋ ಅಂದರೆ, ಸಂಜೆಯ ಹೊತ್ತಿಗೆ ಅವನನ್ನು ಕೇಳದೆ ಆ ಕಂಪನಿಯಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂದಾಗಿರುತ್ತಿತ್ತು. ಧಾರವಾಡ ಬಿಟ್ಟು ಮೆಲ್ಬರ್ನ್‌ಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಒಂದು ವಿಮಾ ಕಂಪನಿಯ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಊರವರ ತಪ್ಪು ಹುಡುಕುವುದಕ್ಕೆ ಸಂಬಳವನ್ನೂ ಕೊಡುತ್ತಾರೆಂದರೆ ಅಂಥವನಿಗೆ ಇನ್ನೇನು ಬೇಕು?

ಅವನ ಬಡಾಯಿಗೆ ಒಂದು ಪದ್ಧತಿ ಇತ್ತು. ಕಥೆ ಮುಗಿಯುತ್ತಿದ್ದಂತೆ ಹೆಂಡತಿಯ ಕಡೆ ತಿರುಗಿ, “ಬೇಕಾದ್ರ ಇಕಿನ್ನ ಕೇಳ್ರಿ. ಏನಂತಿ ಶ್ವೇತಾ?” ಎನ್ನುತ್ತಿದ್ದ. ಮಹಾಶ್ವೇತಾ “ಹೌದ್ರಿ” ಎನ್ನುತ್ತಿದ್ದಳು. ಅಷ್ಟೇ, ಒಂದೇ ಮಾತು. ಆಸ್ಪತ್ರೆಯ ಲ್ಯಾಬಿನಲ್ಲಿ ಎರಡೆರಡು ಸಲ ನೋಡದೆ ಯಾವ ರಕ್ತಪರೀಕ್ಷೆಯ ರಿಪೋರ್ಟಿಗೂ ಸಹಿ ಹಾಕದ ಹೆಂಗಸು, ಗಂಡನ ಮಾತಿಗೆ ಮಾತ್ರ ಕಣ್ಣು ಮುಚ್ಚಿ ಮುದ್ರೆ ಒತ್ತಿಬಿಡುತ್ತಿದ್ದಳು. ಜನ ನಂಬುತ್ತಿದ್ದದ್ದು ಅವನನ್ನಲ್ಲ, ಅವಳನ್ನು. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಈ ಮನುಷ್ಯನ ತಲೆಗೆ ಹಡಗಿನ ಹುಳ ಬಿಟ್ಟವರು ಸತ್ಯನಾರಾಯಣ. ಮೈಸೂರಿನವರು, ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ಮನೆ. ಇಪ್ಪತ್ತು ವರ್ಷದ ಹಿಂದೆ ಎರಡೂ ಸಂಸಾರ ಮೆಲ್ಬರ್ನ್‌ನಲ್ಲಿ ಒಂದೇ ಬಾಡಿಗೆ ಮನೆಯಲ್ಲಿ, ಒಂದೇ ಒಲೆಯ ಮೇಲೆ ಸರದಿಯಂತೆ ಬೇಯಿಸಿಕೊಂಡು ಬದುಕಿದ್ದವು. ಹೋದ ವರ್ಷ ಸತ್ಯನಾರಾಯಣ ಮತ್ತು ಅವರ ಹೆಂಡತಿ ವಸಂತಾ ಸಿಡ್ನಿ ಬಂದರಿನಲ್ಲೇ ಹಡಗು ಹತ್ತಿ, ಒಂಬತ್ತು ದಿನ ತಿರುಗಿ ಬಂದಿದ್ದರು. ಹೇಗಿತ್ತು ಎಂದು ಫೋನಿನಲ್ಲಿ ಕೇಳಿದರೆ, “ಚೆನ್ನಾಗಿತ್ತು” ಎಂದು ಸುಮ್ಮನಾದರು. ಆ ಒಂದು ಮಾತನ್ನು ವಿರುಪಾಕ್ಷನಿಗೆ ಅರಗಿಸಿಕೊಳ್ಳಲು ಆಗಲಿಲ್ಲ. ಅಷ್ಟೆಲ್ಲ ನೋಡಿಬಂದು ಏನೂ ಕೊಚ್ಚಿಕೊಳ್ಳದವನ ಮುಂದೆ ಗೆಲ್ಲುವುದು ಹೇಗೆ?

“ಮನಿ ಮುಂದಿನ ನೀರಾಗ ಯಾರರ ಹೋಗ್ತಾರ?” ಎಂದ ಹೆಂಡತಿಗೆ. “ಮದಿವ್ಯಾಗಿ ಇಪ್ಪತ್ತೈದ ವರ್ಷ ಆತು. ಹೋದ್ರ ಕೆರಿಬಿಯನ್ ಹೋಗಬೇಕು.”

ಕೆರಿಬಿಯನ್ ಎಲ್ಲಿದೆ ಎಂದು ಅವನು ಮ್ಯಾಪಿನಲ್ಲಿ ನೋಡಿದ್ದು ಟಿಕೆಟ್ ಬುಕ್ ಮಾಡಿದ ಮೇಲೆ.

ಫೆಬ್ರವರಿಯ ಒಂದು ಗುರುವಾರ ಹೊರಟರು. ಮೆಲ್ಬರ್ನ್‌ನಿಂದ ಸಿಡ್ನಿ, ಅಲ್ಲಿಂದ ಲಾಸ್ ಏಂಜಲೀಸ್, ಅಲ್ಲಿಂದ ಮಯಾಮಿ. ಸಿಡ್ನಿಗಿಂತ ಹದಿನಾರು ಗಂಟೆ ಹಿಂದಿರುವ ಆ ಊರಿನ ಗಡಿಯಾರದಲ್ಲಿ ಶುಕ್ರವಾರ ಸಂಜೆ ನಾಲ್ಕಕ್ಕೆ ‘ಗೋಲ್ಡನ್ ಪೆಲಿಕನ್’ ಎಂಬ ಹಡಗು. ಸಿಡ್ನಿ ಮುಟ್ಟುವಷ್ಟರಲ್ಲೇ ಕಾಟ ಶುರುವಾಯಿತು. ವಿಮಾನದಲ್ಲಿ ಏನೋ ಕೆಟ್ಟಿದೆ, ಎರಡು ಗಂಟೆ ತಡ ಎಂದರು. ಎರಡು ನಾಲ್ಕಾಯಿತು, ನಾಲ್ಕು ಆರಾಯಿತು, ಕೊನೆಗೆ ನಾಳೆ ಬನ್ನಿ ಎಂದು ಪಕ್ಕದ ಹೋಟೆಲಿಗೆ ಅಟ್ಟಿದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಕೌಂಟರಿನ ಮುಂದೆ ನಿಂತರು. ಅಲ್ಲಿದ್ದ ಹುಡುಗಿ ಪುಣ್ಯಾತ್ಮಳು. ಹತ್ತು ಐವತ್ತರ ವಿಮಾನದಲ್ಲಿ ಎರಡು ಸೀಟು ಹುಡುಕಿ ಕೊಟ್ಟಳು. ಇದರಲ್ಲಿ ಹೋದರೆ ಹಡಗು ಸಿಗುತ್ತದೆ, ಇದು ಬಿಟ್ಟರೆ ಹನ್ನೆರಡೂವರೆಯದು, ಆಗ ಹಡಗು ತಪ್ಪುತ್ತದೆ ಎಂದು ಬಿಡಿಸಿ ಹೇಳಿದಳು. ವಿರುಪಾಕ್ಷ ಒಂದು ನಿಮಿಷ ಎಂದು ಪಕ್ಕಕ್ಕೆ ಸರಿದು ಫೋನು ತೆಗೆದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪ್ರತಿ ವರ್ಷ ಶರಣರ ಜಯಂತಿಯ ದಿನ ವೇದಿಕೆ ಹತ್ತಿ, ಶರಣರಿಗೆ ಒಳ್ಳೆಯ ಗಳಿಗೆ ಕೆಟ್ಟ ಗಳಿಗೆ ಎಂಬುದಿರಲಿಲ್ಲ, ಮುಹೂರ್ತ ನೋಡುವವರು ಮೂಢರು ಎಂದು ಅರ್ಧ ಗಂಟೆ ಗುಡುಗುತ್ತಿದ್ದವನು ಇದೇ ವಿರುಪಾಕ್ಷ. ಅದೇ ವಿರುಪಾಕ್ಷನ ಗರಾಜಿನ ಬಾಗಿಲ ಹಿಂದೆ, ಅಕ್ಕ ವರ್ಷವರ್ಷವೂ ಧಾರವಾಡದಿಂದ ಕಳಿಸುವ ಕ್ಯಾಲೆಂಡರ್ ತೂಗುತ್ತಿತ್ತು. ಅದರ ಒಂದೊಂದು ತಿಂಗಳಿಗೂ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಂಡಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

“ಶುಕ್ರವಾರ ಹತ್ತೂವರಿಂದ ಹನ್ನೆರಡು ರಾಹುಕಾಲ ಅದ” ಎಂದು ಪಿಸುಗುಟ್ಟಿದ. “ಹತ್ತೈವತ್ತರದು ಬ್ಯಾಡ.”

“ರೀ, ಹಡಗ ತಪ್ಪತದ ಅಂತ ಹೇಳಾಕತ್ತಾಳ ಆಕಿ.”

“ನಿನಗ ತಿಳಿಯೂದಿಲ್ಲ, ಸುಮ್ಮನಿರು.”

ಕೌಂಟರಿಗೆ ಹೋಗಿ, ಹೆಂಡತಿಗೆ ಬೆಳಿಗ್ಗೆಯಿಂದ ವಾಂತಿ, ಒಂದೆರಡು ಗಂಟೆ ಸುಧಾರಿಸಿಕೊಳ್ಳಬೇಕು ಎಂದು ಇಂಗ್ಲಿಷಿನಲ್ಲಿ ಬಿಟ್ಟ. ಹುಡುಗಿ ಪಾಪ, ಮಹಾಶ್ವೇತಾಳ ಮುಖ ನೋಡಿ, ಹೌದೇ ಎಂದು ಕೇಳಿದಳು. ಮಹಾಶ್ವೇತಾ ಹೌದೆಂದು ಗೋಣು ಹಾಕಿದಳು. ಹುಡುಗಿ ಒಂದು ಕಾಗದದ ಚೀಲ ಕೊಟ್ಟಳು. ಗಟ್ಟಿಮುಟ್ಟಾಗಿದ್ದ ಹೆಂಗಸು ಆ ವಾಂತಿ ಚೀಲ ಹಿಡಿದುಕೊಂಡು ಹನ್ನೆರಡೂವರೆಯವರೆಗೆ ಕೂತಳು, ತನ್ನ ಬಗ್ಗೆಯೇ ಹೇಸಿಕೆ ಪಟ್ಟುಕೊಂಡು.

ಮಯಾಮಿ ತಲುಪಿದಾಗ ಅಲ್ಲಿ ಇನ್ನೂ ಶುಕ್ರವಾರ ಸಂಜೆ ಏಳು. ಹಡಗು ಹೋಗಿರಲಿಲ್ಲ. ಬಂದರಿನಲ್ಲೇ, ಮೂರು ಸಾವಿರ ಜನರನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಂತಿತ್ತು. ವಿರುಪಾಕ್ಷನ ಎದೆ ಒಂದು ಗೇಣು ಉಬ್ಬಿತು. “ನೋಡಿದ್ಯಾ? ನಾವು ಬರೋತನಾ ನಿಂತದ! ರಾಹುಕಾಲ ಬಿಟ್ಟು ಬಂದದ್ದಕ್ಕ ಅದು” ಎಂದ. ಹಡಗು ನಿಂತದ್ದು ಇವನ ದಾರಿ ಕಾಯುತ್ತ ಅಲ್ಲ. ಅದನ್ನು ಮುಂದಕ್ಕೆ ತಳ್ಳುವ ಎರಡು ಯಂತ್ರಗಳಲ್ಲಿ ಒಂದು ಕೆಟ್ಟು ಕೂತಿತ್ತು.

ಹಡಗು ಹತ್ತಿ ಮೂರು ದಿನ ಅಲ್ಲೇ ನಿಂತರು. ಕಿಟಕಿಯಿಂದ ಕಾಣುತ್ತಿದ್ದದ್ದು ಕ್ರೇನು, ಕಂಟೇನರು, ಮತ್ತೆ ಕ್ರೇನು. ಮಹಾಶ್ವೇತಾ ಕೂತು ಕೂತು ಬೇಸತ್ತು, ಆ ಶುಕ್ರವಾರ ಸಿಡ್ನಿಯಲ್ಲಿ ಸೂರ್ಯ ಎಷ್ಟಕ್ಕೆ ಹುಟ್ಟಿದ, ಎಷ್ಟಕ್ಕೆ ಮುಳುಗಿದ ಎಂದು ಫೋನಿನಲ್ಲಿ ನೋಡಿದಳು. ಹಗಲನ್ನು ಎಂಟು ಪಾಲು ಮಾಡಿದಳು. ಶುಕ್ರವಾರದ ರಾಹುಕಾಲ ನಾಲ್ಕನೆಯ ಪಾಲು. ಅದು ಅವಳಿಗೆ ತವರಿನಲ್ಲೇ ಗೊತ್ತಿದ್ದ ಲೆಕ್ಕ. ಬೇಸಿಗೆಯ ಸಿಡ್ನಿಯಲ್ಲಿ ಆ ಪಾಲು ಬಿದ್ದದ್ದು ಹನ್ನೊಂದೂವರೆಯಿಂದ ಒಂದು ಗಂಟೆ ದಾಟುವವರೆಗೆ. ಬಿಟ್ಟ ವಿಮಾನ ಶುದ್ಧ ಗಳಿಗೆಯದು. ಗಂಡ ಹಟ ಹಿಡಿದು ಹತ್ತಿದ್ದು ರಾಹುವಿನ ನಟ್ಟ ನಡು ಹೊಟ್ಟೆಯೊಳಗೆ. ಆ ಪ್ರವಾಸದಲ್ಲಿ ಅವಳು ಮೊದಲ ಸಲ ನಕ್ಕಳು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಅವನಿಗೂ ತೋರಿಸಿದಳು. ಅವನು ನೋಡಲಿಲ್ಲ. “ಧಾರವಾಡದ ಕ್ಯಾಲೆಂಡರ್ ಎಲ್ಲಿ ಹೋದ್ರೂ ಧಾರವಾಡದ್ದ” ಎಂದು ಐಸ್‌ಕ್ರೀಮ್ ತರಲು ಎದ್ದು ಹೋದ.

ನಾಲ್ಕನೆಯ ದಿನ ಹಡಗು ಕುಂಟುತ್ತ ಹೊರಟಿತು. ಐದನೆಯ ದಿನ ನಡುಗಡಲಿನಲ್ಲಿ ಉಳಿದ ಯಂತ್ರವೂ ನಿಂತಿತು. ಒಂದೂವರೆ ದಿನ ತೇಲುತ್ತ ಬಿದ್ದಿದ್ದರು. ಎಸಿ ಇಲ್ಲ, ಕಕ್ಕಸಿಗೆ ನೀರಿಲ್ಲ, ಲಿಫ್ಟ್ ಇಲ್ಲ. ಎಂಟನೆಯ ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತು ಅಳುತ್ತಿದ್ದಳು. ಮೊಣಕಾಲು ಹಿಡಿದುಬಿಟ್ಟಿದೆ, ಮೇಲೆ ಹತ್ತಲಾರೆ, ಕೆಳಗೆ ಇಳಿಯಲಾರೆ ಎಂದಳು. ಮಹಾಶ್ವೇತಾ ಅವಳ ಪಕ್ಕ ಎರಡು ಗಂಟೆ ಕೂತು, ಧಾರವಾಡದ ಶೇಂಗಾ ಉಂಡೆ ತಿನ್ನಿಸಿದಳು. ಕೊನೆಗೆ ಹಡಗಿನ ನಾಲ್ವರು ಆಳುಗಳು ಬಂದು ಮುದುಕಿಯನ್ನು ಕುರ್ಚಿಯಲ್ಲಿ ಹೊತ್ತೊಯ್ದರು.

ಆ ಹೊತ್ತಿನಲ್ಲಿ ವಿರುಪಾಕ್ಷ ಏನು ಮಾಡುತ್ತಿದ್ದ? ಫೋಟೊ ತೆಗೆಯುತ್ತಿದ್ದ. ಕೆಟ್ಟ ಲಿಫ್ಟಿನ ಪಕ್ಕ ಗೋಡೆಯಷ್ಟಗಲದ ಚಿತ್ರವೊಂದಿತ್ತು. ನೀಲಿ ನೀರು, ಬಿಳಿ ಮರಳು, ಎಮ್ಮೆಯ ಕರುವಿನಷ್ಟು ದೊಡ್ಡ ಕಡಲಾಮೆ. ಮಹಾಶ್ವೇತಾಳನ್ನು ಕರೆದು ಅದರ ಮುಂದೆ ನಿಲ್ಲಿಸಿ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಕಾಣದ ಹಾಗೆ ಮೂಲೆ ಕತ್ತರಿಸಿದ. ಎಂಟನೆಯ ದಿನ ಟಗ್ ಬೋಟೊಂದು ಹಡಗನ್ನು ಎಳೆದು ತಂದು ಹತ್ತಿದ ಜಾಗಕ್ಕೇ ಕಟ್ಟಿತು. ನಾಲ್ಕು ದ್ವೀಪ ತೋರಿಸುತ್ತೇವೆ ಎಂದವರು ಒಂದನ್ನೂ ತೋರಿಸಿರಲಿಲ್ಲ. ಬಂದರಿನ ವೈಫೈ ಸಿಕ್ಕಿದ್ದೇ ತಡ, ಆಮೆ ವಾಟ್ಸಾಪ್ ಗುಂಪುಗಳಿಗೆಲ್ಲ ಹೋಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಏಪ್ರಿಲ್‌ನಲ್ಲಿ ಈಸ್ಟರ್ ರಜೆಗೆ ಸತ್ಯನಾರಾಯಣ ಊಟಕ್ಕೆ ಕರೆದರು. ಸ್ಕೋಫೀಲ್ಡ್ಸ್‌ನ ಆ ಮನೆಯಲ್ಲಿ ಬಿಸಿಬೇಳೆಬಾತಿನ ಘಮ ಬಾಗಿಲಲ್ಲೇ ಹಿಡಿಯಿತು. ಬಾಗಿಲು ತೆಗೆದ ವಸಂತಾ ಅವರ ಕೈಯಲ್ಲಿ ಕೋಲಿತ್ತು. ಎರಡೂ ಮೊಣಕಾಲಿನ ಆಪರೇಷನ್ ಆಗಿ ಐದು ತಿಂಗಳಾಗಿತ್ತು.

ವಿರುಪಾಕ್ಷ ಕೂತದ್ದೇ ಶುರು ಮಾಡಿದ. ಒಂದಲ್ಲ, ನಾಲ್ಕು ದ್ವೀಪ. ಕ್ಯಾಪ್ಟನ್ ಜೊತೆ ಊಟ. “ಆ ಆಮಿ ಏನ್ ಕೇಳ್ತೀರಿ ಸತ್ಯನಾರಾಯಣ ಅವ್ರ, ಈಸಾಕತ್ತಿದ್ವಿ ನಾವು, ಬಂದು ಇಕಿ ಅಂಗೈಗೆ ಮೂಗು ಹಚ್ಚಿತು! ನಿಮ್ಮ ಸಿಡ್ನಿ ಹಡಗದಾಗ ಅಂಥಾದ್ದೆಲ್ಲಿ ಸಿಗಬೇಕು?”

ಸತ್ಯನಾರಾಯಣ ನಗುತ್ತ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟರು. ಪರದೆಯ ಮೇಲೆ ಗೋಲ್ಡನ್ ಪೆಲಿಕನ್ ಮಿನುಗುತ್ತಿತ್ತು.

“ನಿಮ್ಮ ಫೋಟೊ ನೋಡಿದಾಗಿನಿಂದ ಇವಳಿಗೆ ಅದೇ ಹಡಗು ಬೇಕಂತೆ” ಎಂದರು. “ಜೂನ್‌ನಲ್ಲಿ ಇದೆ. ಆಫರ್ ಇವತ್ತು ಐದು ಗಂಟೆಗೆ ಮುಗಿಯುತ್ತೆ, ಒಂದು ಸಲ ಬುಕ್ ಮಾಡಿದರೆ ಕ್ಯಾನ್ಸಲ್ ಇಲ್ಲ. ಏನ್ ಮಾಡೋಣ ಹೇಳಿ.”

“ಮಾಡ್ರಿ ಮಾಡ್ರಿ!” ಎಂದ ವಿರುಪಾಕ್ಷ. “ಕಣ್ಣ್ ಮುಚ್ಚಿ ಮಾಡ್ರಿ.”

ವಸಂತಾ ಅವನ ಕಡೆ ನೋಡಲೇ ಇಲ್ಲ. ಮಹಾಶ್ವೇತಾಳ ಪಕ್ಕ ಸರಿದು ಕೂತರು. “ನನಗೆ ಈ ಕಾಲಿನದೇ ಯೋಚನೆ ಕಣ್ರೀ. ನಮಗೆ ಸಿಗೋದು ಹತ್ತನೇ ಮಹಡಿ. ಲಿಫ್ಟು ಗಿಫ್ಟು ಎಲ್ಲಾ ಸರಿಯಾಗಿದೆಯಾ? ನನ್ನಂಥವಳು ಹೋಗಬಹುದಾ? ನೀವು ಹೇಳಿದರೆ ನಾನು ಧೈರ್ಯವಾಗಿ ಹೋಗ್ತೀನಿ.”

“ರಾಜವೈಭೋಗ ಅದರಿ ಅಲ್ಲಿ” ಎಂದು ವಿರುಪಾಕ್ಷ ಬಾಯಿ ಹಾಕಿದ. ಆಮೇಲೆ ತಿರುಗಿದ. “ಬೇಕಾದ್ರ ಇಕಿನ್ನ ಕೇಳ್ರಿ. ಏನಂತಿ ಶ್ವೇತಾ?”

ಮಹಾಶ್ವೇತಾ ಮೆಟ್ಟಿಲ ಮೇಲೆ ಕೂತಿದ್ದ ಮುದುಕಿಯನ್ನು ನೆನೆದಳು. ಗಂಡನ ಮೇಲೆ ಅವಳಿಗೆ ಇದ್ದ ತಿರಸ್ಕಾರ ಹಳೆಯದು, ಮನೆಯ ಸಾಮಾನಿನಂತೆ ಬಳಕೆಗೆ ಬಿದ್ದದ್ದು. ಈಗ ಉಕ್ಕಿ ಬಂದದ್ದು ತನ್ನ ಮೇಲಿನ ತಿರಸ್ಕಾರ. ಅವನು ಬರೀ ಬಾಯಿಬಡುಕ, ಅವನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಇಪ್ಪತ್ತೈದು ವರ್ಷ ಅದಕ್ಕೆ ಬೆಲೆ ತಂದುಕೊಟ್ಟವಳು ತಾನು. ಈಗ ಹೌದ್ರಿ ಅಂದರೆ ಐದು ಗಂಟೆಯೊಳಗೆ ಈ ಹೆಂಗಸಿನ ಕಾಲನ್ನು ತಾನೇ ಮುರಿದಂತೆ.

“ಇಲ್ರಿ” ಎಂದಳು.

ವಿರುಪಾಕ್ಷ ಇನ್ನೂ ನಗುತ್ತಲೇ ಇದ್ದ. ಅವನ ಕಿವಿಗೆ ಆ ಶಬ್ದದ ಪರಿಚಯವಿರಲಿಲ್ಲ.

“ನಾವು ಒಂದು ದ್ವೀಪಾನೂ ನೋಡಿಲ್ರಿ ವಸಂತಕ್ಕಾ. ಮೂರು ದಿನ ಬಂದರದಾಗ ನಿಂತಿದ್ವಿ, ಒಂದೂವರಿ ದಿನ ಕಡಲಾಗ ತೇಲಿದ್ವಿ. ಲಿಫ್ಟ್ ಬಂದಾಗಿತ್ತು. ನಿಮ್ಮಂಗ ಮೊಣಕಾಲ ನೋವಿನ ಹೆಣಮಗಳೊಬ್ಬಾಕಿ ಮೆಟ್ಟಲದ ಮ್ಯಾಲೆ ಕುಂತು ಅಳತಿದ್ಲು. ಆ ಆಮಿ ಲಿಫ್ಟಿನ ಬಾಜೂ ಗ್ವಾಡಿ ಮ್ಯಾಲಿನ ಚಿತ್ರ. ಹಡಗ ರಿಪೇರಿ ಮಾಡ್ಯಾರೋ ಇಲ್ಲೋ ನನಗ ಗೊತ್ತಿಲ್ಲ. ನಾನು ಮಾತ್ರ ಹೋಗ್ರಿ ಅನ್ನೂದಿಲ್ಲ.”

“ಚಾಷ್ಟಿ ಮಾಡ್ತಾಳ ಇಕಿ” ಎಂದ ವಿರುಪಾಕ್ಷ. ಒಬ್ಬರ ಮುಖ ನೋಡಿದ, ಇನ್ನೊಬ್ಬರ ಮುಖ ನೋಡಿದ. ಯಾರೂ ನಗಲಿಲ್ಲ. ಅವನ ಮಾತಿಗೆ ಹೌದು ಎನ್ನಲು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಸತ್ಯನಾರಾಯಣ ಲ್ಯಾಪ್‌ಟಾಪ್ ಮುಚ್ಚಿದರು. “ಊಟಕ್ಕೆ ಏಳಿ, ಆರಿ ಹೋಗುತ್ತೆ” ಎಂದರು. ವಸಂತಾ ಏಳುವಾಗ ಕೋಲು ಬಿಟ್ಟು ಮಹಾಶ್ವೇತಾಳ ಭುಜ ಹಿಡಿದುಕೊಂಡರು. ಊಟದಲ್ಲಿ ಯಾರೂ ಹಡಗಿನ ಸುದ್ದಿ ಎತ್ತಲಿಲ್ಲ. ಇಷ್ಟಾದರೂ ವಿರುಪಾಕ್ಷ ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡ. ಮಾನ ಹೋದರೂ ಹಸಿವು ಹೋಗುವ ಜಾತಿಯಲ್ಲ ಅದು.

ಮರುದಿನ ಬೆಳಿಗ್ಗೆ ಸಿಡ್ನಿ ವಿಮಾನ ನಿಲ್ದಾಣದಲ್ಲಿ ಮೆಲ್ಬರ್ನ್ ವಿಮಾನ ನಲವತ್ತು ನಿಮಿಷ ತಡ ಎಂದು ಬೋರ್ಡು ತೋರಿಸಿತು. ಅದೇ ವಿಮಾನಕ್ಕೆ ಕಾಯುತ್ತಿದ್ದ, ಮೆಲ್ಬರ್ನ್‌ನದೇ ಕ್ರಾನ್‌ಬರ್ನ್ ಬಡಾವಣೆಯ ಗೌರೀಶ ದೂರದಿಂದಲೇ ಕೈ ಬೀಸಿಕೊಂಡು ಬಂದ. ಹುಬ್ಬಳ್ಳಿಯವನು, ಜಯಂತಿಯ ಭಾಷಣಕ್ಕೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವವನು.

“ಏನ್ರಿ ವಿರುಪಾಕ್ಷ ಅವ್ರ! ಕೆರಿಬಿಯನ್ ಹೆಂಗಿತ್ತು? ಆ ಆಮಿ ಫೋಟೊ ನೋಡಿ ನನ್ನ ಹೆಂಡ್ತಿ ಜೀವಾ ತಿನ್ನಾಕತ್ತಾಳ.”

ವಿರುಪಾಕ್ಷನ ಬಾಯಿ ಅಭ್ಯಾಸದ ಮೇಲೆ ತೆರೆಯಿತು. ಆಮೇಲೆ, ಕಥೆಯ ಕೊನೆಗೆ ಹೆಂಡತಿಯ ಕಡೆ ತಿರುಗುತ್ತಿದ್ದವನು ಅಂದು ಮೊದಲೇ ತಿರುಗಿ ನೋಡಿದ. ಮಹಾಶ್ವೇತಾ ಬೋರ್ಡು ನೋಡುತ್ತಿದ್ದಳು.

“ಹಡಗ ಕೆಟ್ಟಿತ್ರಿ” ಎಂದ. “ಏನೂ ನೋಡಲಿಲ್ಲ. ಆಮಿ ಗ್ವಾಡಿ ಮ್ಯಾಲಿಂದು.”

ಗೌರೀಶ ಹೊಟ್ಟೆ ಹಿಡಿದುಕೊಂಡು ನಕ್ಕ. “ಏ ಹೋಗ್ರಿ, ನಮ್ಮ ಕಣ್ಣ್ ಬಿದ್ದೀತಂತ ಮುಚ್ಚಿಡ್ತೀರೇನು?” ಎಂದು ಮಹಾಶ್ವೇತಾಳ ಕಡೆ ತಿರುಗಿದ. “ನೀವರ ಖರೇ ಹೇಳ್ರಿ ಅಕ್ಕಾರ. ಇವ್ರು ಹೇಳೂದು ಹೌದೇನ್ರಿ?”

“ಹೌದ್ರಿ” ಎಂದಳು ಮಹಾಶ್ವೇತಾ.